ಮನೆಯ ಮಾತು: ಆಯ್ದ ಅಕ್ಕಿ, ಅಳೆದ ಬೆಳ್ಳಿ

ವಚನಗಳನ್ನು ದಿನವೂ ಪಠಿಸುವ ಮನೆಗಳಲ್ಲಿಯೂ ವಚನದ ಕೊನೆಗೆ ಬರುವ ಅಂಕಿತವನ್ನು ನಿಂತು ನೋಡುವವರು ವಿರಳ. ಅದು ಮುಗಿತಾಯದ ಗುರುತೆಂದು ತಿಳಿದು ನಾಲಿಗೆಯು ಬೇಗನೆ ದಾಟಿಬಿಡುವದು. ಆದರೆ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಾಳಿದ ಸತಿಪತಿಗಳಿಬ್ಬರ ಅಂಕಿತಗಳನ್ನು ಒಂದರ ಪಕ್ಕದಲ್ಲೊಂದು ಬರೆದು ನೋಡಿರಿ. ಗಂಡನಾದ ಆಯ್ದಕ್ಕಿ ಮಾರಯ್ಯನದು ‘ಅಮರೇಶ್ವರಲಿಂಗ’. ಹೆಂಡತಿಯಾದ ಲಕ್ಕಮ್ಮನದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಂಡನ ಅಂಕಿತವು ಹೆಂಡತಿಯ ಅಂಕಿತದೊಳಗೆ ಇಡಿಯಾಗಿ ಅಡಗಿದೆ. ಅದರ ಮುಂದೆ ಅವನ ಹೆಸರೂ ಕೂಡಿಕೊಂಡಿದೆ. ಇಷ್ಟಾಗಿಯೂ ಆ ಅಂಕಿತವನ್ನು ಹೊತ್ತ ಎಷ್ಟೋ ವಚನಗಳಲ್ಲಿ ಅವಳು ಮಾಡುವ ಕೆಲಸವೇನು? ಗಂಡನನ್ನು ತಿದ್ದುವದು!

ಈ ಜೋಡಿಯ ಬಾಳನ್ನೂ ಕವಿತ್ವವನ್ನೂ ಒಂದು ಬಿದರಿಯ ತಟ್ಟೆಯ ಮೇಲೆ ತರಿಸಬೇಕಾದ ಪ್ರಸಂಗವು ಈಚೆಗೆ ನಮಗೆ ಒದಗಿತು. ಮದುವೆಯ ಉಡುಗೊರೆಗೆ ಏನನ್ನಾದರೂ ಹೊಸತಾಗಿ ಮಾಡಿಸಬೇಕೆನ್ನುವ ಗೃಹಸ್ಥರಿಗೆ ಪ್ರಯೋಜನವಾಗಬಹುದೆಂದು ಅದರ ವೃತ್ತಾಂತವನ್ನು ಇಲ್ಲಿ ಬರೆಯುತ್ತೇವೆ.

ಭಾಲ್ಕಿಯಲ್ಲಿ ನಮ್ಮ ಬಳಗದ ಒಂದು ಮನೆಯುಂಟು. ಆ ಮನೆಯ ಹುಡುಗಿಯನ್ನು ಔರಾದಕ್ಕೆ ಕೊಟ್ಟಿದ್ದರು. ಹುಡುಗಿಯು ವಚನಗಳನ್ನು ಹಾಡುತ್ತಾಳೆ. ವರನು ತಬಲಾ ನುಡಿಸುತ್ತಾನೆ. ಇಬ್ಬರಿಗೂ ಪರಿಚಯವಾದದ್ದೂ ಒಂದು ಗಾಯನದ ಸಭೆಯಲ್ಲಿಯೇ. ಬೀದರ ಜಿಲ್ಲೆಯವರು ಬಿದರಿಯ ಸಾಮಾನನ್ನು ಉಡುಗೊರೆಯಾಗಿ ಕೊಡುವದು ಹೊಸ ಮಾತಲ್ಲ. ಹೂದಾನಿ, ಡಬ್ಬಿ, ಕಿವಿಯೋಲೆ, ಎಲ್ಲವೂ ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುತ್ತವೆ. ಆದರೆ ಹುಡುಗಿಯ ತಂದೆಯು, ಈ ಜೋಡಿಗೆ ತಕ್ಕ ವಿಷಯವೊಂದನ್ನು ಆರಿಸಿ, ಅದಕ್ಕೆಂದೇ ತಟ್ಟೆಯನ್ನು ಬರೆಸಬೇಕೆಂದು ನಮ್ಮ ಮೇಲೆ ಭಾರ ಹಾಕಿದರು.

ಕಲಾವಂತ ದಂಪತಿಗಳ ವಿಷಯವೆಂದೊಡನೆ ಮೊದಲು ನೆನಪಿಗೆ ಬಂದವರು ಬೆಂಗಳೂರ ಬಳಿಯ ತಾತಗುಣಿ ತೋಟದಲ್ಲಿ ಬಾಳಿದ ಸ್ವೆತೊಸ್ಲಾವ್ ರೋರಿಕ್ ಮತ್ತು ದೇವಿಕಾರಾಣಿಯವರು. ಆತನು ರುಷಿಯಾ ದೇಶದ ಚಿತ್ರಕಾರ, ಆಕೆ ಬೆಳ್ಳಿತೆರೆಯ ನಟಿ, 1945ರಲ್ಲಿ ವಿವಾಹವಾದರು. ಆತನು ಬರೆದ ಆಕೆಯ ಭಾವಚಿತ್ರಗಳು ಪ್ರಸಿದ್ಧವಾಗಿವೆ. ಆದರೆ ಆ ಚಿತ್ರಗಳಲ್ಲಿ ಒಬ್ಬರು ಬರೆಯುವವರು, ಮತ್ತೊಬ್ಬರು ಬರೆಯಿಸಿಕೊಳ್ಳುವವರು. ಒಂದೇ ಕಸುಬಿನಲ್ಲಿ ಸಮಸಮನಾಗಿ ಕೈಹಾಕಿದ ಗಂಡಹೆಂಡಿರ ಉದಾಹರಣೆಯನ್ನು ಹುಡುಕುವದಕ್ಕೆ ಬೀದರ ಜಿಲ್ಲೆಯನ್ನು ಬಿಟ್ಟು ಹೋಗುವ ಕಾರಣವೇ ಇಲ್ಲ. ಬೀದರದಿಂದ ಎಂಬತ್ತು ಕಿಲೋಮೀಟರಿನಷ್ಟು ದೂರದ ಬಸವಕಲ್ಯಾಣದಲ್ಲಿ ಅಂಥವರು ಒಂದು ಜೊತೆಯಲ್ಲ, ಹಲವು ಜೊತೆ ಇದ್ದರು. ಕಾಶ್ಮೀರದ ಅರಸುತನವನ್ನು ಬಿಟ್ಟುಬಂದು ಕಟ್ಟಿಗೆ ಮಾರಿದನೆಂದು ಹೇಳುವ ಮೋಳಿಗೆ ಮಾರಯ್ಯನೂ ಅವನ ಹೆಂಡತಿ ಮಹಾದೇವಿಯೂ ವಚನಕಾರರೇ. ಆದರೆ ಅರಸನ ಕಥೆಯಲ್ಲಿ ಬಿಟ್ಟ ಸಿಂಹಾಸನವೇ ಕಣ್ಣಿಗೆ ಹೆಚ್ಚು ಹೊಳೆಯುವದು. ನಮಗೆ ಮನೆಯ ಅಡಿಗೆಯ ಕೋಣೆಗೆ ಹತ್ತಿರವಾದ ಕಥೆ ಬೇಕಾಗಿತ್ತು.

ಆಯ್ದಕ್ಕಿಯ ದಂಪತಿಗಳ ಕಥೆಯನ್ನು ವಾಚಕರಲ್ಲಿ ಅನೇಕರು ಬಲ್ಲರು. ಇವರು ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದವರು. ಕಲ್ಯಾಣಕ್ಕೆ ಬಂದು, ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮದಾಸೋಹವನ್ನು ನಡೆಯಿಸುತ್ತಿದ್ದರು. ಒಂದು ದಿನ ಮಾರಯ್ಯನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ನೋಡಿದಳು. ಇಷ್ಟು ನಮಗೆ ಸಲ್ಲದು, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಕಳುಹಿದಳು. ಮತ್ತೊಂದು ಪ್ರಸಂಗದಲ್ಲಿ ಮಾರಯ್ಯನು ಅನುಭಾವದ ಚರ್ಚೆಯಲ್ಲಿ ಮೈಮರೆತು ಕುಳಿತಾಗ, ಕಾಯಕದ ಹೊತ್ತು ಮೀರುತ್ತದೆಂದು ಅವನನ್ನು ಎಬ್ಬಿಸಿದವಳೂ ಅವಳೇ. ಹಲವು ಶತಮಾನಗಳ ಅನಂತರ ಸಂಕಲಿತವಾದ ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳಿಗೆಂದೇ ಒಂದು ಭಾಗವಿದೆ. ಅಲ್ಲಿ ಇವರ ವಚನಗಳು ಮಾತಿಗೆ ಮಾತಾಗಿ ಪೋಣಿಸಲ್ಪಟ್ಟಿವೆ. ಲಕ್ಕಮ್ಮನ 25 ವಚನಗಳು ನಮಗೆ ಉಳಿದು ಬಂದಿವೆ. ಮಾರಯ್ಯನವು ಸ್ವಲ್ಪ ಹೆಚ್ಚು. ಕಾಯಕವನ್ನು ಕೈಲಾಸಕ್ಕೆ ಸರಿದೊರೆಯಾಗಿಸುವ ಜನಜನಿತವಾದ ಮಾತು ಮಾರಯ್ಯನ ವಚನದಲ್ಲಿ ಬರುವದು. ಆದರೆ ಸಭೆಗಳಲ್ಲಿ ಅದನ್ನು ಬಸವಣ್ಣನವರದೆಂದೇ ಹೇಳಿಬಿಡುವ ರೂಢಿಯಾಗಿದೆ. ದೊಡ್ಡ ಮರದ ನೆರಳಿನಲ್ಲಿ ಚಿಕ್ಕವರ ಹೆಸರು ಹೀಗೆ ಅಳಿಸಿಹೋಗುವದುಂಟು.

ಲಕ್ಕಮ್ಮನು ಗಂಡನ ಹೆಸರನ್ನು ಅಂಕಿತದಲ್ಲಿ ಇಟ್ಟುಕೊಂಡದ್ದು ಪತಿವ್ರತೆಯ ವಿನಯವೆಂದು ವ್ಯಾಖ್ಯಾನ ಮಾಡುವವರಿದ್ದಾರೆ. ವಿನಯವು ಇದ್ದಿರಬಹುದು. ಆದರೆ ಅಷ್ಟೇ ಎಂದರೆ ನಾವು ಒಪ್ಪಲಾರೆವು. ಯಾರನ್ನು ತಿದ್ದುತ್ತಿದ್ದಾಳೆಯೋ ಅವನ ಹೆಸರನ್ನೇ ರುಜುವಿನೊಳಗೆ ಸೇರಿಸಿ, ತಪ್ಪು ಇಬ್ಬರದೂ ಹೌದು, ಒಪ್ಪು ಇಬ್ಬರದೂ ಹೌದು ಎಂದು ಅವಳು ಒಪ್ಪಿಕೊಂಡಂತೆ ನಮಗೆ ತೋರುವದು. ಇನ್ನು ಕೆಲವರು ಅವಳನ್ನು ಇಂದಿನ ವೇದಿಕೆಯ ಭಾಷಣಕಾರ್ತಿಯನ್ನಾಗಿ ಮಾಡುತ್ತಾರೆ. ಅದೂ ಸರಿಯಲ್ಲ. ಅವಳ ಮಾತು ಮನೆಯೊಳಗಿನ ಮಾತು. ಒಲೆ ಹೊತ್ತಿಸಿ, ಎಸರಿಟ್ಟು, ಗಂಡನ ಕೈಯಲ್ಲಿನ ಗಂಟನ್ನು ತೂಗಿ ನೋಡಿದವಳ ಮಾತು. ಮಾರಯ್ಯನಾದರೂ ಆ ಮಾತನ್ನು ಕೇಳಿ ಹಿಂದಿರುಗಿದನು. ಹಿಂದಿರುಗಿದ್ದು ಹೇಳಿದ್ದಕ್ಕಿಂತ ಸುಲಭದ ಕೆಲಸವಲ್ಲ.

ವಿಷಯವೇನೋ ನಿಶ್ಚಯವಾಯಿತು. ಬರೆಯುವದು ಹೇಗೆ? ಇಬ್ಬರ ರೂಪವನ್ನೂ ಕಂಡವರಿಲ್ಲ. ಗೋಡೆಯ ಕ್ಯಾಲೆಂಡರುಗಳಲ್ಲಿ ಬರುವ ಶರಣರ ಮುಖಗಳು ಒಂದನ್ನು ನೋಡಿ ಇನ್ನೊಂದನ್ನು ಬರೆದವು. ಬಗ್ಗಿ ಅಕ್ಕಿ ಆಯುವ ಗಂಡನನ್ನೂ ಎದುರಿಗೆ ನಿಂತ ಹೆಂಡತಿಯನ್ನೂ ಬರೆಯಿಸೋಣವೆಂದು ಹುಡುಗಿಯ ತಂದೆಯು ಸೂಚಿಸಿದರು. ಹುಡುಗಿಯು ಒಪ್ಪಲಿಲ್ಲ. “ಕಾಕಾ, ಲಕ್ಕಮ್ಮಗ ಬೆರಳ ತೋರಿಸ್ಕೋತ ನಿಂದ್ರಸಬ್ಯಾಡ್ರಿ. ಜಗಳಗಂಟಿ ಕಂಡಂಗ ಕಾಣ್ತಾಳ,” ಎಂದಳು. ಅವಳ ಮಾತು ಯುಕ್ತವಾಗಿತ್ತು. ಇಬ್ಬರೂ ನಿಂತರೆ ಮೇಲೆ ಯಾರು, ಕೆಳಗೆ ಯಾರು ಎಂಬ ಪ್ರಶ್ನೆ ಕೂಡಲೆ ಏಳುವದು. ಮನುಷ್ಯರನ್ನು ಬಿಟ್ಟು ಅಕ್ಕಿಯನ್ನೇ ಬರೆಯಿಸುವದೆಂದು ಕೊನೆಗೆ ಗೊತ್ತಾಯಿತು.

ಇದಕ್ಕಿಂತ ಕಠಿಣವಾದ ತೊಡಕು ಬೇರೊಂದಿತ್ತು. ಹೆಚ್ಚಿನ ಅಕ್ಕಿಯೇ ಬೇಡವೆಂದ ದಂಪತಿಗಳ ಕಥೆಯನ್ನು ಬೆಳ್ಳಿಯಲ್ಲಿ ಕೆತ್ತಿಸುವದು ಯಾವ ನ್ಯಾಯ? ಬಿದರಿಯು ಸುಲ್ತಾನರ ದರಬಾರಿನಲ್ಲಿ ಬೆಳೆದ ಕಲೆ. ಹುಕ್ಕಾ, ಹೂಜಿ, ಪಾನದಾನಗಳು ಅದರ ಹಳೆಯ ಸಾಮಾನುಗಳು. ಇದನ್ನು ನಾವು ಹುಡುಗಿಯ ಮುಂದೆ ಇಟ್ಟೆವು. ಆಕೆ, ಬೆಳ್ಳಿ ಎಷ್ಟು ಬೇಕೋ ಅಷ್ಟೇ ಇರಲಿ, ಉಳಿದದ್ದೆಲ್ಲ ಕಪ್ಪಾಗಿರಲಿ ಎಂದಳು. ಹೀಗೆ ಲಕ್ಕಮ್ಮನ ಅಳತೆಯೇ ತಟ್ಟೆಗೂ ಅಳತೆಯಾಯಿತು. ಅಂಚಿಗೆ ಬಳ್ಳಿಯಿಲ್ಲ, ಹೂವಿನ ಸಾಲಿಲ್ಲ, ಅಶ್ರಫಿಯ ಬೂಟಿಯಿಲ್ಲ.

ಈ ನಕ್ಷೆಯನ್ನು ಹಿಡಿದು ನಾವು ಬೀದರಕ್ಕೆ ಹೋದೆವು. ಚೌಬಾರಾದ ಸುತ್ತಣ ಓಣಿಗಳಲ್ಲಿ ಸುತ್ತಿಗೆಯ ಸಪ್ಪಳವನ್ನು ಹಿಡಿದು ನಡೆದರೆ ಬಿದರಿಯ ಕಾರಖಾನೆಗಳು ತಾವಾಗಿ ಸಿಕ್ಕುವವು. ಕಾರಖಾನೆಯೆಂದರೆ ದೊಡ್ಡ ಯಂತ್ರಶಾಲೆಯಲ್ಲ. ನಾಲ್ಕು ಜನರು ಕಾಲು ಮಡಿಚಿ ಕುಳಿತುಕೊಳ್ಳುವ ಒಂದು ಪಡಸಾಲೆ. ನಾವು ಕಂಡ ಉಸ್ತಾದರು ಐವತ್ತು ವರ್ಷ ಈ ಕೆಲಸ ಮಾಡಿದವರು. ಅವರ ಪಕ್ಕದಲ್ಲಿ ತಮ್ಮನ ಮಗ ಕುಳಿತಿದ್ದನು. ಹೆಸರು ಪತ್ರಿಕೆಯಲ್ಲಿ ಬೇಡವೆಂದು ಇಬ್ಬರೂ ಹೇಳಿರುವದರಿಂದ ನಾವು ಅವರನ್ನು ಉಸ್ತಾದರು, ಹುಡುಗ ಎಂದೇ ಕರೆಯುತ್ತೇವೆ.

ಬಿದರಿಯ ಕೆಲಸವನ್ನು ಎದುರಿಗೆ ಕುಳಿತು ನೋಡದವರಿಗಾಗಿ ನಾಲ್ಕು ಮಾತು. ಮೂಲದ್ರವ್ಯವು ಸತುವು, ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರವನ್ನು ಕೂಡಿಸಿ ಕರಗಿಸುವರು. ಮಣ್ಣಿನ ಅಚ್ಚಿನಲ್ಲಿ ಎರೆದು, ಅರದಿಂದ ಉಜ್ಜಿ ನುಣುಪು ಮಾಡುವರು. ಆಗ ಅದು ಬಿಳಿಚಿಕೊಂಡ ಬೂದುಬಣ್ಣದ ಲೋಹ. ಅದರ ಮೇಲೆ ಗೆರೆ ಕಾಣದು. ಆದುದರಿಂದ ಮೈಲುತುತ್ತದ ನೀರನ್ನು ಒರೆಸಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಂಡು, ಚೂಪಾದ ಮೊನೆಯಿಂದ ಕೈಯಲ್ಲಿಯೇ ನಕ್ಷೆಯನ್ನು ಗೀರುವರು. ಅನಂತರ ಉಳಿಯಿಂದ ಗೆರೆಗಳನ್ನು ತೋಡಿ, ಆ ಕೊರಕಲಿನಲ್ಲಿ ಬೆಳ್ಳಿಯನ್ನು ಕೂಡಿಸಿ ಸುತ್ತಿಗೆಯಿಂದ ಬಡಿಯುವರು. ಬೆಳ್ಳಿಯ ತಂತಿಯನ್ನು ಕೂಡಿಸಿದರೆ ಅದು ತಾರಕಶಿ. ತಗಡಿನ ತುಂಡನ್ನು ಕೂಡಿಸಿದರೆ ತೆಹನಿಶಾನ. ಈ ಎರಡು ಹೆಸರುಗಳನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವವು. ಕಟ್ಟಕಡೆಗೆ ಕೋಟೆಯ ಮಣ್ಣು. ಬಿಸಿಲು ಮಳೆ ಕಾಣದೆ ಕತ್ತಲಲ್ಲಿ ಬಹುಕಾಲ ಬಿದ್ದಿರುವ ಹಳೆಯ ಕೋಟೆಯ ಮಣ್ಣನ್ನು ತಂದು, ನವಸಾಗರದೊಡನೆ ನೀರಿನಲ್ಲಿ ಕಲಸಿ, ಬೆಚ್ಚಗೆ ಮಾಡಿದ ಪಾತ್ರೆಗೆ ತಿಕ್ಕುವರು. ಸತುವು ಕಾಡಿಗೆಯಂತೆ ಕಪ್ಪಾಗುವದು. ಬೆಳ್ಳಿಯು ತನ್ನ ಬಣ್ಣವನ್ನು ಬಿಡದು. ಯಾವ ಮಣ್ಣು ಕೆಲಸಕ್ಕೆ ಬರುವದೆಂಬದನ್ನು ಹಳೆಯ ಉಸ್ತಾದರು ನಾಲಿಗೆಯ ಮೇಲಿಟ್ಟು ರುಚಿಯಿಂದ ತಿಳಿಯುತ್ತಾರೆ.

ಈ ಕಲೆಯನ್ನು ಬಹಮನಿಯ ಅರಸರ ಕಾಲದಲ್ಲಿ ಅಬ್ದುಲ್ಲಾ ಬಿನ್ ಕೈಸರ್ ಎಂಬ ಇರಾನದ ಕಸುಬುದಾರನು ಬೀದರದ ಕೆಲಸಗಾರರೊಡನೆ ಕೂಡಿ ಬೆಳೆಯಿಸಿದನೆಂಬ ಐತಿಹ್ಯವಿದೆ. ಹೊರಗಿನಿಂದ ಬಂದವನ ಹೆಸರು ಕಥೆಯಲ್ಲಿ ಉಳಿದಿದೆ. ಅವನ ಎದುರಿಗೆ ಕುಳಿತು ಸತುವು ಕಾಯಿಸಿದವರ ಹೆಸರು ಆ ಕಥೆಯಲ್ಲಿ ಬರುವದಿಲ್ಲ.

ಈಗ ನಮ್ಮ ತಟ್ಟೆಯ ವಿಷಯ. ಹತ್ತು ಅಂಗುಲದ ದುಂಡು ತಟ್ಟೆ. ಒಂದು ಕಡೆಯ ಅಂಚಿನಿಂದ ಅಕ್ಕಿಯ ಕಾಳುಗಳು ಚೆದರಿ ಬಂದು ನಡುವೆ ಒಂದು ಬೊಗಸೆಯಷ್ಟಾಗಿ ಕೂಡಬೇಕು. ಅಲ್ಲಿಂದ ಕೆಲವು ಕಾಳುಗಳು ಎದುರಿನ ಅಂಚಿನ ಕಡೆಗೆ ಹಿಂದಿರುಗಿ ಹೋಗಬೇಕು. ಹೋದ ಕಾಳುಗಳನ್ನು ತೋರಿಸುವದು ಹೇಗೆ? ಉಳಿದ ಕಾಳುಗಳಿಗೆ ಬೆಳ್ಳಿಯನ್ನು ಕೂಡಿಸಿ, ಹಿಂದಿರುಗಿಸಿದ ಕಾಳುಗಳನ್ನು ಬರಿದೆ ತೋಡಿ, ಬೆಳ್ಳಿಯಿಲ್ಲದೆ ಬಿಟ್ಟುಬಿಡಬೇಕೆಂದು ನಾವು ಹೇಳಿದೆವು. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಆ ಕುಳಿಗಳು ಕಾಣುವವು. ಬೇಡವೆಂದದ್ದು ಹಾಗೆಯೇ ಅಲ್ಲವೆ ಇರಬೇಕಾದದ್ದು?

ಉಸ್ತಾದರು ನಕ್ಷೆಯನ್ನು ನೋಡಿ ಬಹಳ ಹೊತ್ತು ಸುಮ್ಮನಿದ್ದರು. ಅನಂತರ ಅದನ್ನು ನಮ್ಮ ಕೈಗೆ ತಿರುಗಿ ಕೊಟ್ಟರು. “ಇದು ನಮ್ಮಿಂದ ಆಗಂಗಿಲ್ರಿ ಸಾಹೇಬರ. ಖಾಲಿ ಬಿಟ್ರ ಮಂದಿ ಏನಂತಾರ? ಬೆಳ್ಳಿ ಉದುರಿ ಹೋಗ್ಯಾದ ಅಂತಾರ. ಇಲ್ಲಂದ್ರ ಉಸ್ತಾದ ಬೆಳ್ಳಿ ತಿಂದಾನ ಅಂತಾರ.”

ಬಿದರಿಯ ವ್ಯಾಪಾರದಲ್ಲಿ ಬೆಳ್ಳಿ ಉದುರಿದ ಕುಳಿಗಿಂತ ದೊಡ್ಡ ಅಪಮಾನವಿಲ್ಲ. ಅದು ಕೈಕೆಲಸದ ಸೋಲು, ಇಲ್ಲವೆ ಮನಸ್ಸಿನ ಮೋಸ. ನಾವು ತ್ಯಾಗದ ಗುರುತೆಂದು ಬಗೆದದ್ದು ಆ ಓಣಿಯಲ್ಲಿ ಕಳ್ಳತನದ ಗುರುತಾಗುತ್ತಿತ್ತು. ತಟ್ಟೆಯೊಂದಿಗೆ ಅದರ ಅರ್ಥವನ್ನು ಹೇಳುವ ಮನುಷ್ಯನನ್ನು ಯಾರೂ ಕಳುಹಿಸಿಕೊಡಲಾರರು. ಐವತ್ತು ವರ್ಷ ಗಳಿಸಿದ ಹೆಸರನ್ನು ನಮ್ಮ ಒಂದು ಕಲ್ಪನೆಗಾಗಿ ಒತ್ತೆಯಿಡಿರೆಂದು ಕೇಳುವದು ಯೋಗ್ಯವಲ್ಲವೆಂದು ನಾವೂ ಸುಮ್ಮನಾದೆವು. ಚಹಾ ಬಂದಿತು. ಹುಡುಗನು ಕಥೆಯೇನೆಂದು ಕೇಳಿದನು, ಹೇಳಿದೆವು. ಆಯ್ದ ಅಕ್ಕಿಯ ಮಾತು ಬಂದಾಗ ಉಸ್ತಾದರು ನಕ್ಕು, ತಮ್ಮ ತೊಡೆಯ ಕೆಳಗೆ ಹಾಸಿದ್ದ ಬಟ್ಟೆಯನ್ನು ತೋರಿಸಿದರು. ಅರ ಹಾಕುವಾಗ ಉದುರಿದ ಬೆಳ್ಳಿಯ ಪುಡಿ ಅದರಲ್ಲಿ ಬೀಳುವದು. ಸಾಯಂಕಾಲ ಅದನ್ನು ಕೊಡವಿ, ಸೋಸಿ, ಕೂಡಿಟ್ಟು ಕರಗಿಸುತ್ತಾರೆ. ಬೆಳ್ಳಿಯ ಬೆಲೆ ಏರಿರುವ ಈ ದಿನಗಳಲ್ಲಿ ಆ ಪುಡಿಯೇ ಎಷ್ಟೋ ಮನೆಗಳಲ್ಲಿ ಮುಂದಿನ ಕೆಲಸದ ಬಂಡವಾಳ.

ಉಪಾಯವನ್ನು ಕಂಡವನು ಹುಡುಗನು. ಉಳಿಸಿಕೊಂಡ ಕಾಳುಗಳು ತೆಹನಿಶಾನವಾಗಲಿ, ಹಿಂದಿರುಗಿಸಿದವು ತಾರಕಶಿಯಾಗಲಿ ಎಂದನು. ಎಂದರೆ, ಒಳಗಿನವು ಬೆಳ್ಳಿಯ ತಗಡಿನಿಂದ ತುಂಬಿದ ಕಾಳುಗಳು. ಹೋಗುವವು ಕೂದಲೆಳೆಯ ತಂತಿಯ ಬರಿಯ ಹೊರಗೆರೆ, ನಡುವೆ ಕಪ್ಪು. ಕುಳಿಯಿಲ್ಲ, ಆದರೂ ಕಾಳು ಬರಿದು. ಉಸ್ತಾದರು ಹುಡುಗನ ಮುಖವನ್ನೊಮ್ಮೆ ನೋಡಿ, ಸೀಸದ ಕಡ್ಡಿಯನ್ನು ತೆಗೆದುಕೊಂಡು, ಕಾಳಿನ ಗಾತ್ರವನ್ನು ಹೆಚ್ಚಿಸಿದರು. ನಿಜವಾದ ಅಕ್ಕಿಯಷ್ಟು ಚಿಕ್ಕದಾದರೆ ತಂತಿಯು ತಿರುವಿನಲ್ಲಿ ನಿಲ್ಲದು, ಸೌತೆಬೀಜದಷ್ಟಾದರೂ ಬೇಕೆಂದರು. ಒಂದು ಕಡೆಗೆ ಹದಿನೈದು ಕಾಳು ಬರೆದಿದ್ದೆವು. ಅದನ್ನು ಒಂಬತ್ತಕ್ಕೆ ಇಳಿಸಿದರು. ನಮ್ಮ ನಕ್ಷೆಗಿಂತ ಅವರದು ಚೆನ್ನಾಗಿತ್ತೆಂಬದರಲ್ಲಿ ಸಂಶಯವಿಲ್ಲ.

ಅಕ್ಷರಗಳ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. ನಡುವಿನ ರಾಶಿಯ ಕೆಳಗೆ ಕಮಾನಿನಂತೆ ಒಂದೇ ಸಾಲು, ಕನ್ನಡದಲ್ಲಿ. ‘ಮಾರಯ್ಯಪ್ರಿಯ’ ಎಂದು ಬರೆದು, ಒಂದು ಚಿಕ್ಕ ಹೂವನ್ನಿಟ್ಟು, ‘ಅಮರೇಶ್ವರಲಿಂಗ’ ಎಂದು ಬರೆಯುವದು. ಮೊದಲಿನಿಂದ ಓದಿದರೆ ಅದು ಲಕ್ಕಮ್ಮನ ಅಂಕಿತ. ಹೂವಿನಿಂದ ಮುಂದಕ್ಕೆ ಓದಿದರೆ ಮಾರಯ್ಯನದು. ಎರಡು ಸಾಲು ಬೇಕಾಗಲಿಲ್ಲ. ಉಸ್ತಾದರು ಕನ್ನಡ ಪತ್ರಿಕೆಯನ್ನು ಓದಬಲ್ಲವರು, ಆದರೆ ಅವರ ಕೈ ಬಳ್ಳಿಗಳಿಗೆ ಒಗ್ಗಿದ್ದು. ‘ಶ್ವ’ ಎಂಬ ಒತ್ತಕ್ಷರದ ಬಾಲವು ಮೊದಲ ಸಲ ಮೊಗ್ಗಿನಂತೆ ಅರಳಿಬಿಟ್ಟಿತು. ಅದನ್ನು ತಿದ್ದಿಸಲಿಲ್ಲ, ಹಾಗೆಯೇ ಇರಲಿ ಎಂದೆವು.

ಕನ್ನಡದಲ್ಲಿಯೇ ಬರೆಯಿಸಬೇಕೆಂಬದು ಹುಡುಗಿಯ ಆಯಿಯ ಹಟವಾಗಿತ್ತು. ನಿಜಾಮರ ಆಳಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದುವಿನ ಹಲಗೆಯನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿಯು ಸರ್ವವಿದಿತವಾಗಿದೆ. ಅಂದಿನ ಔರಾದ ತಾಲ್ಲೂಕಿನ ಕಮಲನಗರದಲ್ಲಿ 1890ರಲ್ಲಿ ಹುಟ್ಟಿದ ಆ ಸ್ವಾಮಿಗಳು 1999ರ ವರೆಗೆ ಬಾಳಿದರು. ಆಯಿಯ ತಂದೆಯು ಆ ಹಲಗೆಯ ಹಿಂದೆ ಕುಳಿತು ಅಕ್ಷರ ಕಲಿತವರಂತೆ. ಬೆಳ್ಳಿಯಲ್ಲಿ ಕನ್ನಡ ಬರೆಯಿಸಲು ಒಪ್ಪಿದ ಅದೇ ಆಯಿಯು ತಟ್ಟೆಯ ಬಣ್ಣಕ್ಕೆ ಮಾತ್ರ ಒಪ್ಪಲಿಲ್ಲ. “ಮದುವಿ ಮನ್ಯಾಗ ಕರೀದು ಕೊಡ್ತಾರೇನು?” ಎಂದು ಮೂರು ಸಲ ಕೇಳಿದರು. ದೃಷ್ಟಿಬೊಟ್ಟೂ ಕಪ್ಪೇ ಅಲ್ಲವೇನೆಂದು ಹುಡುಗಿಯು ಹೇಳಿ ನೋಡಿದಳು. ಆಯಿಯು ಅದಕ್ಕೆ ಉತ್ತರ ಕೊಡದೆ, ತಟ್ಟೆಯ ಕೆಳಗೆ ಇಡಲಿಕ್ಕೆ ಒಂದು ಹಸಿರು ಖಣವನ್ನು ತೆಗೆದುಕೊಟ್ಟರು. ನಾವು ಅದನ್ನೇ ಸಮ್ಮತಿಯೆಂದು ತಿಳಿದೆವು.

ಬೆಳ್ಳಿಯು ಎಲ್ಲ ಕೂಡಿ ಎರಡು ತೊಲೆಗೂ ಕಡಿಮೆ ಹಿಡಿಯಿತು. ಇದನ್ನು ಓದಿ ಇಂಥ ತಟ್ಟೆಯನ್ನು ಮಾಡಿಸುವವರು ಮೂರು ಸಂಗತಿಗಳನ್ನು ಮರೆಯಬಾರದು. ಬಿದರಿಯ ತಟ್ಟೆಯಲ್ಲಿ ಊಟವನ್ನಾಗಲಿ ಹುಳಿಯ ಪದಾರ್ಥವನ್ನಾಗಲಿ ಇಡಕೂಡದು. ಸತುವು ಅದಕ್ಕೆ ತಕ್ಕ ಲೋಹವಲ್ಲ. ಹುಣಸೆಹಣ್ಣು, ಬೂದಿ, ನಿಂಬೆಯಿಂದ ತಿಕ್ಕಿದರೆ ಕಪ್ಪು ಹೋಗುವದು; ಮೆತ್ತಗಿನ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು. ಮತ್ತು ಉಸ್ತಾದರಿಗೆ ಕೆಲಸ ಕೊಟ್ಟ ಮೇಲೆ ನಾಳೆಯೇ ಬೇಕೆಂದು ಅವಸರಪಡಿಸಬಾರದು. ನಮ್ಮ ತಟ್ಟೆಗೆ ಇಪ್ಪತ್ತು ದಿನ ಹಿಡಿಯಿತು; ಅದರಲ್ಲಿ ಮಳೆಯ ನಾಲ್ಕು ದಿನಗಳು ಹಾಗೆಯೇ ಕಳೆದವು.

ಔರಾದದಲ್ಲಿ ತಟ್ಟೆಯನ್ನು ಬಿಚ್ಚಿ ತೋರಿಸಿದಾಗ ವರನ ತಾಯಿಯು ಅಕ್ಷರಗಳ ಮೇಲೆ ಬೆರಳಾಡಿಸಿ ಓದಿದರು. ಆ ಮನೆಯಲ್ಲಿ ಅರ್ಧ ಮಾತು ಮರಾಠಿ, ಅರ್ಧ ಕನ್ನಡ. “ನಮ್ಮ ಅಮರೇಶ್ವರನ ಹೆಸರೇ ಬರಸಿ ತಂದೀರಿ!” ಎಂದು ಆಕೆ ಕೈಮುಗಿದರು. ಔರಾದದ ಊರದೇವರೂ ಅಮರೇಶ್ವರನೇ. ದಂಪತಿಗಳ ಅಮರೇಶ್ವರನು ಲಿಂಗಸುಗೂರಿನ ಕಡೆಯವನು, ಇದು ಆ ಊರಲ್ಲ, ಎಂದು ವಿವರಿಸಲು ನಾವು ಬಾಯಿ ತೆರೆಯುವಷ್ಟರಲ್ಲಿ ಹುಡುಗಿಯು ಕಣ್ಣಿನಿಂದಲೇ ಬೇಡವೆಂದಳು. ಅನಂತರ ತಾನೇ ಅತ್ತೆಯ ಪಕ್ಕದಲ್ಲಿ ಕುಳಿತು, ತುಂಬಿದ ಕಾಳುಗಳನ್ನೂ ಬರಿಯ ಕಾಳುಗಳನ್ನೂ ತೋರಿಸಿ ಕಥೆಯನ್ನು ಹೇಳಿದಳು. ಅತ್ತೆಯು ಬರಿಯ ಕಾಳುಗಳನ್ನು ಎಣಿಸಿದರು. ವರನು, ಹಾಗಾದರೆ ನಾನು ಸಂತೆಯಿಂದ ಹೆಚ್ಚು ತಂದ ದಿನ ಏನು ಗತಿ ಎಂದು ಕೇಳಿದನು, ಎಲ್ಲರೂ ನಕ್ಕರು.

ತಟ್ಟೆಯ ಹಿಂಭಾಗದಲ್ಲಿ ಉರ್ದುವಿನಲ್ಲಿ ಉಸ್ತಾದರ ಹೆಸರೂ, ಅದರ ಕೆಳಗೆ ಅಷ್ಟೇ ಗಾತ್ರದಲ್ಲಿ ಹುಡುಗನ ಹೆಸರೂ ಇವೆ. ಹುಡುಗನ ಹೆಸರನ್ನು ಹಾಕಿರೆಂದು ನಾವು ಹೇಳಿರಲಿಲ್ಲ. ಅದನ್ನು ಕೆತ್ತಿದವರು ಉಸ್ತಾದರೇ.